ಫೋನ್ ಲೈನಿಗೆ ತೆರಿಗೆ, ಹಳ್ಳಿಗೆ ಬ್ರಾಡ್‌ಬ್ಯಾಂಡ್: ಈ ಲೆಕ್ಕ ಕೂಡುತ್ತದೆಯೇ?

2009ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ಪ್ರಸ್ತಾಪ ಮುಂದಿಟ್ಟಿತು. ದೇಶದ ಪ್ರತಿ ಲ್ಯಾಂಡ್‌ಲೈನ್ ಮೇಲೆ ತಿಂಗಳಿಗೆ 50 ಪೆನ್ಸ್ ತೆರಿಗೆ. ವರ್ಷಕ್ಕೆ 6 ಪೌಂಡ್. ಆ ಹಣವನ್ನು ಒಂದು ನಿಧಿಗೆ ಹಾಕಿ, ಖಾಸಗಿ ಕಂಪನಿಗಳು ತಾವಾಗಿ ಹೋಗದ ಊರುಗಳಿಗೆ ವೇಗದ ಬ್ರಾಡ್‌ಬ್ಯಾಂಡ್ ಕೊಡಿಸುವುದು. ಮೊತ್ತ ಚಿಕ್ಕದು, ಉದ್ದೇಶ ಒಳ್ಳೆಯದು. ಆದರೂ ಹತ್ತೇ ತಿಂಗಳಲ್ಲಿ, ಒಂದು ಪೆನ್ನಿಯೂ ವಸೂಲಾಗುವ ಮೊದಲೇ, ಆ ತೆರಿಗೆ ಬಿದ್ದುಹೋಯಿತು.

ಪ್ರಶ್ನೆ ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಇಂಥದ್ದೇ ಒಂದು ವಸೂಲಿ 2025ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಭಾರತದಲ್ಲಿ ನಾವು ಮಾಡುವ ರೀಚಾರ್ಜ್ ಹಣದಲ್ಲೂ ಒಂದು ಪಾಲು ಇದೇ ಉದ್ದೇಶಕ್ಕೆ ಹೋಗುತ್ತದೆ, ನಮಗೆ ಗೊತ್ತಿಲ್ಲದೆಯೇ. ಹಾಗಾಗಿ ಮೊದಲಿನಿಂದ ನೋಡೋಣ. ಇಂಟರ್ನೆಟ್ ಕೆಲವು ಕಡೆ ಏಕೆ ನಿಧಾನ? ಅದನ್ನು ಸರಿಮಾಡಲು ತೆರಿಗೆಯೇ ಏಕೆ ಬೇಕು? ಬೇಕು ಅಂದರೂ, ಫೋನ್ ಲೈನಿನ ಮೇಲೆಯೇ ಏಕೆ?

ತಂತಿ ಉದ್ದವಾದಷ್ಟೂ ವೇಗ ಕಡಿಮೆ

ಹಳೆಯ ಲ್ಯಾಂಡ್‌ಲೈನ್ ಅಂದರೆ ಎರಡು ತಾಮ್ರದ ಎಳೆ. ಮನೆಯಿಂದ ಹೊರಟು ಟೆಲಿಫೋನ್ ಎಕ್ಸ್‌ಚೇಂಜ್ ತನಕ ಹೋಗುತ್ತದೆ. ಅದನ್ನು ಮಾಡಿದ್ದು ಮಾತಿಗೋಸ್ಕರ. ಮನುಷ್ಯನ ದನಿ ಸಾಗಿಸಲು ನಿಧಾನವಾಗಿ ಕಂಪಿಸುವ ತರಂಗ ಸಾಕು, ದೂರವೂ ಅಷ್ಟೇನೂ ಅಡ್ಡಿಯಲ್ಲ. ಆಮೇಲೆ ಅದೇ ತಂತಿಯ ಮೇಲೆ ಇಂಟರ್ನೆಟ್ ಕಳಿಸುವ ತಂತ್ರಜ್ಞಾನ ಬಂತು. ಅದಕ್ಕೆ ಎಡಿಎಸ್‌ಎಲ್ ಎಂದು ಹೆಸರು. ಇದು ಮಾತಿಗಿಂತ ತುಂಬಾ ವೇಗವಾಗಿ ಕಂಪಿಸುವ ತರಂಗಗಳನ್ನು ಬಳಸುತ್ತದೆ. ಅವು ತಾಮ್ರದಲ್ಲಿ ದೂರ ಸಾಗಿದಷ್ಟೂ ಸೊರಗುತ್ತವೆ.

ಪರಿಣಾಮ ಏನು? ಎಕ್ಸ್‌ಚೇಂಜ್ ಪಕ್ಕದ ಮನೆಗೂ, ನಾಲ್ಕೈದು ಕಿಲೋಮೀಟರ್ ಆಚೆಯ ತೋಟದ ಮನೆಗೂ ಒಂದೇ ಪ್ಲಾನ್, ಒಂದೇ ಬಿಲ್ಲು. ವೇಗ ಮಾತ್ರ ಅಜಗಜಾಂತರ. 2009ರ ಬೇಸಿಗೆಯಲ್ಲಿ ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಅಳತೆ ಮಾಡಿದಾಗ ದೇಶದ ಸರಾಸರಿ ವೇಗ 4.1 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಬಂತು. ಜಾಹೀರಾತುಗಳು ಹೇಳುತ್ತಿದ್ದುದು ಇದಕ್ಕಿಂತ ಎಷ್ಟೋ ಜಾಸ್ತಿ.

ಇದಕ್ಕೆ ಪರಿಹಾರ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆ. ಅದರಲ್ಲಿ ಇಂಥ ಸೊರಗುವಿಕೆ ತೀರಾ ಕಡಿಮೆ. ಫೈಬರನ್ನು ಎರಡು ರೀತಿ ಹಾಕಬಹುದು. ಒಂದು, ಬೀದಿ ಬದಿಯ ಪೆಟ್ಟಿಗೆಯ ತನಕ ಫೈಬರ್, ಅಲ್ಲಿಂದ ಮನೆಗೆ ಹಳೆಯ ತಾಮ್ರವೇ. ಇನ್ನೊಂದು, ನೇರ ಮನೆಯೊಳಕ್ಕೇ ಫೈಬರ್. ಮೊದಲನೆಯದು ಅಗ್ಗ. ಎರಡನೆಯದು ದುಬಾರಿ, ಆದರೆ ಬಾಳಿಕೆಯದು. ಎಷ್ಟು ದುಬಾರಿ ಅಂದರೆ, 2008ರಲ್ಲಿ ಅನಾಲಿಸಿಸ್ ಮೇಸನ್ ಎಂಬ ಸಲಹಾ ಸಂಸ್ಥೆ ಬ್ರಿಟನ್ ಪೂರ್ತಿಗೆ ಲೆಕ್ಕ ಹಾಕಿತು. ಪೆಟ್ಟಿಗೆಯ ತನಕ ಆದರೆ ಸುಮಾರು 510 ಕೋಟಿ ಪೌಂಡ್. ಪ್ರತಿ ಮನೆಗೂ ಫೈಬರ್ ಆದರೆ, ಅತಿ ದುಬಾರಿ ವಿಧಾನದಲ್ಲಿ, 2,880 ಕೋಟಿ ಪೌಂಡ್. ಐದು ಪಟ್ಟಿಗೂ ಜಾಸ್ತಿ.

ಕಂಪನಿಗಳು ಏಕೆ ಹೋಗುವುದಿಲ್ಲ

ಇಲ್ಲಿ ಯಾರನ್ನೋ ಬೈದು ಪ್ರಯೋಜನವಿಲ್ಲ. ಲೆಕ್ಕವೇ ಹಾಗಿದೆ.

ಫೈಬರ್ ಎಳೆ ಅಷ್ಟೇನೂ ದುಬಾರಿಯಲ್ಲ. ಖರ್ಚಿನ ಬಹುಪಾಲು ಹೋಗುವುದು ರಸ್ತೆ ಅಗೆಯಲು, ಪೈಪ್ ಹೂಳಲು, ಮತ್ತೆ ಮುಚ್ಚಲು, ಕಂಬ ನಿಲ್ಲಿಸಲು, ಅನುಮತಿ ಪಡೆಯಲು. ಒಂದು ಕಿಲೋಮೀಟರ್ ಅಗೆತಕ್ಕೆ ಒಂದು ಲಕ್ಷ ಆಗುತ್ತದೆ ಅಂದುಕೊಳ್ಳಿ, ಯಾವ ಹಣವಾದರೂ ಸರಿ. ಆ ಒಂದು ಕಿಲೋಮೀಟರಿನಲ್ಲಿ ನೂರು ಮನೆ ಇದ್ದರೆ ಮನೆಗೆ ಸಾವಿರ ಬೀಳುತ್ತದೆ. ನಾಲ್ಕೇ ಮನೆ ಇದ್ದರೆ ಮನೆಗೆ ಇಪ್ಪತ್ತೈದು ಸಾವಿರ. ಎರಡೂ ಕಡೆ ಗ್ರಾಹಕರು ಕೊಡುವ ತಿಂಗಳ ಬಿಲ್ಲು ಒಂದೇ. ಮೊದಲ ಕಡೆ ಹಾಕಿದ ಬಂಡವಾಳ ಬೇಗ ವಾಪಸ್ ಬರುತ್ತದೆ. ಎರಡನೆಯ ಕಡೆ ಬರುವುದೇ ಅನುಮಾನ. ಇನ್ನೂ ಒಂದು ತೊಡಕು ಇದೆ. ಮನೆ ಮುಂದೆ ಕೇಬಲ್ ಹೋದರೂ ಎಲ್ಲರೂ ಸಂಪರ್ಕ ತಗೊಳ್ಳುವುದಿಲ್ಲ. ನೂರರಲ್ಲಿ ಮೂವತ್ತು ಜನ ತಗೊಂಡರೂ ನಡೆಯುತ್ತದೆ. ನಾಲ್ಕರಲ್ಲಿ ಒಬ್ಬರು ತಗೊಂಡರೆ?

ಬ್ರಿಟನ್ನಿನಲ್ಲಿ ಆಗಿದ್ದೂ ಇದೇ. ಹಳೆಯ ಸರ್ಕಾರಿ ಟೆಲಿಫೋನ್ ಸಂಸ್ಥೆಯಿಂದ ಬಂದ ಬಿಟಿ ಕಂಪನಿ 2008ರಲ್ಲಿ 150 ಕೋಟಿ ಪೌಂಡ್ ಹೂಡಿ ಒಂದು ಕೋಟಿ ಮನೆಗಳಿಗೆ ಫೈಬರ್ ಸೇವೆ ಕೊಡುತ್ತೇನೆ ಎಂದಿತು. ವರ್ಜಿನ್ ಮೀಡಿಯಾ ಕಂಪನಿಯ ಟಿವಿ ಕೇಬಲ್ ಜಾಲ ಆಗಲೇ ದೇಶದ ಸುಮಾರು ಅರ್ಧ ಮನೆಗಳ ಹತ್ತಿರ ಇತ್ತು. ಆದರೆ ಎರಡೂ ಹೆಚ್ಚಾಗಿ ನಗರ, ಪಟ್ಟಣಗಳ ಕಡೆಯೇ. ಮಾರುಕಟ್ಟೆಗೆ ಬಿಟ್ಟರೆ ಮೂರನೇ ಎರಡು ಭಾಗದಷ್ಟು ಜನರಿಗೆ ವೇಗದ ಇಂಟರ್ನೆಟ್ ಸಿಗುತ್ತದೆ, ಉಳಿದ ಮೂರನೇ ಒಂದು ಭಾಗ ಕಾಯುತ್ತಲೇ ಇರಬೇಕಾಗುತ್ತದೆ ಎಂದು ಸರ್ಕಾರ ಅಂದಾಜು ಮಾಡಿತು. ‘ಕೊನೆಯ ಮೂರನೇ ಒಂದು’ ಎಂಬ ಮಾತು ಆಗ ಅಲ್ಲಿ ಎಲ್ಲರ ಬಾಯಲ್ಲೂ ಇತ್ತು. ಇಡೀ ವಾದ ನಡೆದದ್ದು ಈ ಜನರ ಬಗ್ಗೆಯೇ.

ಒಬ್ಬರ ಹಣದಲ್ಲಿ ಇನ್ನೊಬ್ಬರಿಗೆ ಸೇವೆ: ಇದು ಹೊಸದಲ್ಲ

ನಗರದ ತುಂಬಿದ ಬಸ್ಸಿನ ಲಾಭದಿಂದ, ಅರ್ಧ ಖಾಲಿ ಓಡುವ ಹಳ್ಳಿ ಬಸ್ಸಿನ ನಷ್ಟ ತುಂಬಿಸುತ್ತಾರಲ್ವಾ? ಫೋನಿನಲ್ಲೂ ದಶಕಗಳ ಕಾಲ ನಡೆದದ್ದು ಅದೇ. ಎಲ್ಲ ಕಡೆ ಒಂದೇ ಕಂಪನಿ ಇದ್ದಾಗ, ಟ್ರಂಕ್ ಕಾಲಿಗೆ ಜಾಸ್ತಿ ದರ ಹಾಕಿ, ಆ ಲಾಭದಿಂದ ದೂರದ ಊರಿಗೆ ಕಡಿಮೆ ಬಾಡಿಗೆಗೆ ಫೋನ್ ಕೊಡುತ್ತಿದ್ದರು. ಯಾರೂ ಅದನ್ನು ತೆರಿಗೆ ಎನ್ನಲಿಲ್ಲ. ಬಿಲ್ಲಿನ ಒಳಗೇ ಅಡಗಿತ್ತು.

ಪೈಪೋಟಿ ಬಂದ ಮೇಲೆ ಇದು ನಡೆಯಲಿಲ್ಲ. ಹೊಸ ಕಂಪನಿ ಬಂದು ಲಾಭದ ಗ್ರಾಹಕರನ್ನು ಮಾತ್ರ ಕಡಿಮೆ ದರ ಕೊಟ್ಟು ಎಳೆದುಕೊಂಡರೆ, ಹಳೆಯ ಕಂಪನಿಗೆ ಹಳ್ಳಿಯ ನಷ್ಟ ತುಂಬಿಸಲು ಏನು ಉಳಿಯುತ್ತದೆ? ಅದಕ್ಕೇ ಅನೇಕ ದೇಶಗಳು ಅಡಗಿದ್ದ ಈ ಸಹಾಯವನ್ನು ಹೊರಗೆ ತಂದವು. ಎಲ್ಲ ಕಂಪನಿಗಳಿಂದಲೂ ಒಂದು ಪಾಲು ವಸೂಲು ಮಾಡು, ಒಂದು ನಿಧಿಗೆ ಹಾಕು, ನಷ್ಟದ ಊರಿಗೆ ಹೋಗುವವರಿಗೆ ಅಲ್ಲಿಂದ ಕೊಡು. ಇದಕ್ಕೆ ಸಾರ್ವತ್ರಿಕ ಸೇವಾ ನಿಧಿ ಎಂಬ ಹೆಸರು ಬಂತು. ‘ಸಾರ್ವತ್ರಿಕ ಸೇವೆ’ ಅಂದರೆ ಊರು ಎಲ್ಲೇ ಇರಲಿ, ಕೈಗೆಟುಕುವ ದರದಲ್ಲಿ, ಕನಿಷ್ಠ ಗುಣಮಟ್ಟದ ಸೇವೆ ಎಲ್ಲರಿಗೂ ಸಿಗಬೇಕು ಎಂಬ ಹೊಣೆ.

ಬ್ರಿಟನ್ನಿನ 50 ಪೆನ್ಸ್ ಇದರ ಇನ್ನೊಂದು ರೂಪ. ಅದು ಕಂಪನಿಯ ಆದಾಯದ ಮೇಲೆ ಹಾಕಿದ್ದಲ್ಲ, ಲೈನಿನ ಮೇಲೆ. ನಮ್ಮಲ್ಲಿ ಸೆಸ್ ಅಂತೀವಲ್ಲ, ಹಾಗೆ. ಒಂದೇ ಉದ್ದೇಶಕ್ಕೆ ಎತ್ತಿಡುವ ತೆರಿಗೆ.

50 ಪೆನ್ಸಿನ ಲೆಕ್ಕ

ಡಿಜಿಟಲ್ ಬ್ರಿಟನ್ ಎಂಬ ವರದಿಯಲ್ಲಿ ಈ ಪ್ರಸ್ತಾಪ ಬಂತು. ಆಗ ಪ್ರಧಾನಿ ಗಾರ್ಡನ್ ಬ್ರೌನ್. ವರದಿ ತಯಾರಿಸಿದ್ದು ಸಂಪರ್ಕ ಖಾತೆಯ ಸಚಿವ ಲಾರ್ಡ್ ಸ್ಟೀಫನ್ ಕಾರ್ಟರ್. ತೆರಿಗೆಯಿಂದ ವರ್ಷಕ್ಕೆ 15ರಿಂದ 17.5 ಕೋಟಿ ಪೌಂಡ್ ಬರುತ್ತದೆ, 2017ರ ಹೊತ್ತಿಗೆ ಶೇ 90ರಷ್ಟು ಜನರಿಗೆ ಹೊಸ ತಲೆಮಾರಿನ ಬ್ರಾಡ್‌ಬ್ಯಾಂಡ್ ತಲುಪಿಸಬಹುದು ಎಂಬುದು ಗುರಿ. ಇದರ ಜೊತೆಗೆ 2012ರೊಳಗೆ ಹೆಚ್ಚು ಕಡಿಮೆ ಎಲ್ಲರಿಗೂ ಕನಿಷ್ಠ 2 ಎಂಬಿಪಿಎಸ್ ಕೊಡುವ ಇನ್ನೊಂದು ಭರವಸೆಯೂ ಇತ್ತು. ಅದಕ್ಕೆ ಹಣ ಬೇರೆ ಕಡೆಯಿಂದ.

ತೆರಿಗೆಯ ಪರ ಇದ್ದ ವಾದ ಗಟ್ಟಿಯಾದದ್ದೇ. ಎರಡೂವರೆ ಕೋಟಿ ಲೈನಿಗೆ ತಲಾ 6 ಪೌಂಡ್ ಅಂದರೂ 15 ಕೋಟಿ ಆಗುತ್ತದೆ. ಒಬ್ಬೊಬ್ಬರಿಗೆ ಹೊರೆ ಗೊತ್ತಾಗದಷ್ಟು ಸಣ್ಣದು, ಒಟ್ಟಾದರೆ ದೊಡ್ಡದು. ವಸೂಲಿಗೆ ಹೊಸ ಇಲಾಖೆ ಬೇಡ, ಫೋನ್ ಕಂಪನಿ ಬಿಲ್ಲಿನಲ್ಲೇ ಸೇರಿಸುತ್ತದೆ. ತಪ್ಪಿಸಿಕೊಳ್ಳುವುದು ಕಷ್ಟ. ವರ್ಷ ವರ್ಷ ಬಜೆಟ್ಟಿನಲ್ಲಿ ಕೈಚಾಚುವ ಪಾಡೂ ಇಲ್ಲ. ಆ ಹೊತ್ತಿಗೆ ಜಾಗತಿಕ ಹಣಕಾಸು ಬಿಕ್ಕಟ್ಟಿನಿಂದ ಸರ್ಕಾರದ ಖಜಾನೆ ಬರಿದಾಗಿತ್ತು ಎಂಬುದನ್ನೂ ನೆನಪಿಡಬೇಕು. ಇನ್ನೂ ಒಂದು ಮಾತು. ಇಂಟರ್ನೆಟ್ಟಿಗೆ ಬರುವ ಜನ ಹೆಚ್ಚಾದಷ್ಟೂ ಆಗಲೇ ಇರುವವರಿಗೂ ಲಾಭ. ಅಂಗಡಿಗೆ ಗಿರಾಕಿ ಹೆಚ್ಚುತ್ತಾರೆ, ಸರ್ಕಾರಿ ಕಚೇರಿಗೆ ಕಾಗದದ ಖರ್ಚು ಉಳಿಯುತ್ತದೆ, ದೂರದ ಮಗಳು ಊರಿನ ಅಮ್ಮನ ಮುಖ ನೋಡಿ ಮಾತಾಡಬಹುದು. ಹಾಗಾದರೆ ಎಲ್ಲರೂ ಸ್ವಲ್ಪ ಹಾಕುವುದರಲ್ಲಿ ತಪ್ಪೇನು?

ವಿರೋಧದ ವಾದವನ್ನು ಅರ್ಥ ಮಾಡಿಕೊಳ್ಳಲು ಎರಡು ಮನೆ ತೆಗೆದುಕೊಳ್ಳೋಣ. ಒಂದರ ವಾರ್ಷಿಕ ಆದಾಯ 10,000 ಪೌಂಡ್. ಇನ್ನೊಂದರದ್ದು 60,000. ಇಬ್ಬರೂ ಕೊಡುವುದು 6 ಪೌಂಡ್. ಮೊದಲನೆಯವರಿಗೆ ಅದು ಆದಾಯದ ಶೇ 0.06. ಎರಡನೆಯವರಿಗೆ ಶೇ 0.01. ಅಂದರೆ ಬಡವರ ಮೇಲೆ ಆರು ಪಟ್ಟು ಭಾರ. ಆದಾಯ ನೋಡದೆ ತಲೆಗಿಷ್ಟು ಎಂದು ಹಾಕುವ ಎಲ್ಲ ತೆರಿಗೆಯ ಗುಣವೂ ಇದೇ. ಮೊತ್ತ ಸಣ್ಣದು ಅನ್ನುವುದು ನಿಜ, ಆದರೆ ಹಂಚಿಕೆ ತಲೆಕೆಳಗು.

ಇದಕ್ಕಿಂತ ತೀಕ್ಷ್ಣವಾದದ್ದು ಇನ್ನೊಂದು ಪ್ರಶ್ನೆ. ಲ್ಯಾಂಡ್‌ಲೈನ್ ಯಾರ ಮನೆಯಲ್ಲಿದೆ? ಒಬ್ಬಂಟಿ ಇರುವ ಹಿರಿಯರ ಮನೆಯಲ್ಲಿ ಇದೆ. ಅವರಿಗೆ ಇಂಟರ್ನೆಟ್ ಬೇಕಿಲ್ಲದೆಯೂ ಇರಬಹುದು. ಮೊಬೈಲ್ ಒಂದನ್ನೇ ಬಳಸುವ, ಕೈತುಂಬಾ ಸಂಬಳದ ಯುವಕನ ಮನೆಯಲ್ಲಿ ಇಲ್ಲ. ಮೊದಲನೆಯವರು ಕೊಡಬೇಕು, ಎರಡನೆಯವನು ಕೊಡಬೇಕಿಲ್ಲ. ಹತ್ತು ಲೈನ್ ಇಟ್ಟುಕೊಂಡ ಸಣ್ಣ ಕಚೇರಿ ಹತ್ತು ಸಲ ಕೊಡಬೇಕು. ಬ್ರಿಟನ್ ಸಂಸತ್ತಿನ ಉದ್ಯಮ ವಿಷಯದ ಸಮಿತಿ 2010ರ ಫೆಬ್ರುವರಿಯಲ್ಲಿ ಹಿಡಿದದ್ದೂ ಈ ಎಳೆಯನ್ನೇ. ಈ ತೆರಿಗೆ ಬಡವರ ಮೇಲೆ ಜಾಸ್ತಿ ಬೀಳುತ್ತದೆ, ಕೊಡುವವರಲ್ಲಿ ಕೆಲವರಿಗಷ್ಟೇ ಲಾಭ ಸಿಗುತ್ತದೆ ಎಂದು ಅದು ಬರೆಯಿತು. ಕಡಿಮೆ ಆದಾಯದವರಿಗೆಂದೇ ಇರುವ ರಿಯಾಯಿತಿ ಫೋನ್ ಯೋಜನೆಯವರನ್ನು ಬಿಡುತ್ತೇವೆ ಎಂದು ಸರ್ಕಾರ ಹೇಳಿತ್ತು. ಆದರೆ ಆ ಯೋಜನೆಗಳಲ್ಲಿ ಇಲ್ಲದ ಬಡವರೂ ಇರುತ್ತಾರಲ್ಲ.

ಮೂರನೆಯ ಆತಂಕ ಕಂಪನಿಗಳ ನಡವಳಿಕೆಯದ್ದು. ಎರಡು ವರ್ಷ ಕಾದರೆ ಸರ್ಕಾರದ ಹಣ ಬರುತ್ತದೆ ಎಂದು ಗೊತ್ತಾದರೆ, ತನ್ನ ಹಣದಲ್ಲೇ ಹೋಗಬಹುದಾಗಿದ್ದ ಊರಿಗೂ ಕಂಪನಿ ಸುಮ್ನೆ ಕಾಯುತ್ತಾ ಕೂರಬಹುದು. ಸಹಾಯಧನ ಎಲ್ಲಿ ಶುರುವಾಗಬೇಕು ಎಂಬ ಗೆರೆಯನ್ನು ಮೊದಲೇ, ಖಚಿತವಾಗಿ ಎಳೆಯದಿದ್ದರೆ ಈ ಅಪಾಯ ತಪ್ಪುವುದಿಲ್ಲ.

ತೆರಿಗೆ ಬಿತ್ತು, ಹಣ ಬೇರೆ ಕಡೆಯಿಂದ ಬಂತು

2009ರ ಡಿಸೆಂಬರಿನಲ್ಲಿ ಹಣಕಾಸು ಸಚಿವ ಆಲಿಸ್ಟರ್ ಡಾರ್ಲಿಂಗ್ ಈ ತೆರಿಗೆ ಜಾರಿಯಾಗುತ್ತದೆ ಎಂದು ಖಚಿತಪಡಿಸಿದರು. 2010ರ ಅಕ್ಟೋಬರಿನಿಂದ ವಸೂಲಿ ಶುರುವಾಗಬೇಕಿತ್ತು. ಅಷ್ಟರಲ್ಲಿ ಮೇ ತಿಂಗಳಿಗೆ ಚುನಾವಣೆ ಬಂತು. ಬ್ರಿಟನ್ನಿನಲ್ಲಿ ಸಂಸತ್ತು ವಿಸರ್ಜನೆಗೆ ಮುಂಚಿನ ಕೊನೆಯ ಕೆಲವು ದಿನಗಳಲ್ಲಿ, ಬಾಕಿ ಇರುವ ಮಸೂದೆಗಳನ್ನು ವಿರೋಧ ಪಕ್ಷಗಳ ಒಪ್ಪಿಗೆ ಪಡೆದು ಬೇಗ ಬೇಗ ಮುಗಿಸುತ್ತಾರೆ. ಒಪ್ಪಿಗೆ ಸಿಗದ ಭಾಗಗಳನ್ನು ಕೈಬಿಡುತ್ತಾರೆ. ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷ ಮೊದಲಿಂದಲೂ ಇದರ ವಿರುದ್ಧ ಇತ್ತು. ಹಾಗಾಗಿ ಏಪ್ರಿಲಿನಲ್ಲಿ ಸರ್ಕಾರ ತೆರಿಗೆಯನ್ನು ಕೈಬಿಟ್ಟಿತು. ಚುನಾವಣೆಯ ನಂತರ ಕನ್ಸರ್ವೇಟಿವ್ ನೇತೃತ್ವದಲ್ಲಿ ಬಂದ ಹೊಸ ಸರ್ಕಾರ ಅದನ್ನು ಪೂರ್ತಿ ಮುಚ್ಚಿತು.

ಆದರೆ ಹಳ್ಳಿಗಳು ಅಲ್ಲೇ ಇದ್ದವಲ್ಲ. ಹೊಸ ಸರ್ಕಾರವೂ ಹಣ ಹುಡುಕಲೇಬೇಕಾಯಿತು. 2010ರ ಅಕ್ಟೋಬರಿನಲ್ಲಿ 53 ಕೋಟಿ ಪೌಂಡ್ ಎತ್ತಿಟ್ಟಿತು. ಅದರಲ್ಲಿ ದೊಡ್ಡ ಪಾಲು ಟಿವಿ ಲೈಸೆನ್ಸ್ ಶುಲ್ಕದಿಂದ. ಅಂದರೆ ಮನೆಯಲ್ಲಿ ಟಿವಿ ನೋಡುವವರು ಬಿಬಿಸಿ ನಡೆಸಲು ಪ್ರತಿ ವರ್ಷ ಕಟ್ಟುವ ಹಣ. ಇದನ್ನು ಗಮನಿಸಬೇಕು. ಫೋನ್ ಲೈನಿನ ಮೇಲೆ ತಲೆಗಿಷ್ಟು ಹಾಕುವುದು ಅನ್ಯಾಯ ಎಂದವರು, ಮನೆಗಿಷ್ಟು ಎಂದು ವಸೂಲಾಗುವ ಇನ್ನೊಂದು ಶುಲ್ಕದಿಂದ ಅದೇ ಕೆಲಸಕ್ಕೆ ಹಣ ತೆಗೆದರು. ಬಿಲ್ಲಿನಲ್ಲಿ ಹೊಸ ಸಾಲು ಕಾಣಲಿಲ್ಲ, ಹಾಗಾಗಿ ಗದ್ದಲವೂ ಅಷ್ಟಾಗಿ ಆಗಲಿಲ್ಲ. ಹಣ ಎಲ್ಲಿಂದ ಬರುತ್ತದೆ ಎಂಬುದು ಕಣ್ಣಿಗೆ ಬೀಳುವುದೂ ಬೀಳದಿರುವುದೂ ರಾಜಕೀಯದಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ನನಗೆ ಕೇಳಿದರೆ ಕಾಣುವ ತೆರಿಗೆಯೇ ಮೇಲು. ಕಂಡರೆ ತಾನೇ ಪ್ರಶ್ನೆ ಕೇಳಲು ಸಾಧ್ಯ?

ಅಮೆರಿಕ: ಆಧಾರ ಕುಸಿದಾಗ ಏನಾಗುತ್ತದೆ

ಫೋನಿನ ಮೇಲೆ ತೆರಿಗೆ ಹಾಕುವ ಅಭ್ಯಾಸ ಅಮೆರಿಕದಲ್ಲಿ ಬಹಳ ಹಳೆಯದು. 1898ರಲ್ಲಿ ಸ್ಪೇನ್ ಜೊತೆಗಿನ ಯುದ್ಧದ ಖರ್ಚಿಗೆ ಅಂತ ಮೊದಲ ಸಲ ಹಾಕಿದರು. ಆಗ ಫೋನ್ ಇದ್ದದ್ದು ಶ್ರೀಮಂತರ ಬಳಿ ಮಾತ್ರ. ಯುದ್ಧ ಮುಗಿದ ಮೇಲೆ ತೆಗೆದರು, ಮುಂದೆ ಮತ್ತೆ ತಂದರು. ದೂರದ ಕರೆಗಳ ಮೇಲಿನ ಆ ತೆರಿಗೆ ನಿಂತದ್ದು 2006ರಲ್ಲಿ.

ಹಳ್ಳಿ ಸೇವೆಗೆಂದೇ ಇರುವ ನಿಧಿ ಬೇರೆ. 1996ರ ದೂರಸಂಪರ್ಕ ಕಾಯ್ದೆಯಿಂದ ಬಂದದ್ದು. ದೂರದ ಊರಿನ ಜಾಲ, ಬಡವರ ಫೋನ್ ಬಿಲ್ಲಿಗೆ ರಿಯಾಯಿತಿ, ಶಾಲೆ ಮತ್ತು ಗ್ರಂಥಾಲಯಗಳ ಇಂಟರ್ನೆಟ್, ಹಳ್ಳಿ ಆಸ್ಪತ್ರೆಗಳ ಸಂಪರ್ಕ, ಈ ನಾಲ್ಕಕ್ಕೆ ಅದರ ಹಣ ಹೋಗುತ್ತದೆ. ವರ್ಷಕ್ಕೆ ಸುಮಾರು 800 ಕೋಟಿ ಡಾಲರ್. ಕಟ್ಟುವುದು ದೂರಸಂಪರ್ಕ ಕಂಪನಿಗಳು. ಅವು ಸಾಮಾನ್ಯವಾಗಿ ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ.

ಇಲ್ಲಿನ ತೊಂದರೆ ನಿಧಾನವಾಗಿ ಬೆಳೆದದ್ದು. ಶುಲ್ಕ ಬೀಳುವುದು ರಾಜ್ಯದಿಂದ ರಾಜ್ಯಕ್ಕೆ ಮತ್ತು ಹೊರದೇಶಕ್ಕೆ ಹೋಗುವ ದೂರಸಂಪರ್ಕ ಸೇವೆಯ, ಮುಖ್ಯವಾಗಿ ಫೋನ್ ಕರೆಗಳ, ಆದಾಯದ ಮೇಲೆ. ಬ್ರಾಡ್‌ಬ್ಯಾಂಡ್ ಆದಾಯದ ಮೇಲೆ ಇಲ್ಲ. ಜನ ಕರೆ ಬಿಟ್ಟು ಡೇಟಾದ ಕಡೆ ಹೋದರು. ಆಧಾರ ಕುಗ್ಗಿತು, ಖರ್ಚು ಕುಗ್ಗಲಿಲ್ಲ. ಅದೇ ಹಣ ಎತ್ತಲು ದರ ಏರಿಸಲೇಬೇಕಾಯಿತು. 2000ನೇ ಇಸವಿಯಲ್ಲಿ ಶೇ 6ರ ಆಸುಪಾಸಿನಲ್ಲಿದ್ದ ದರ 2024ರಲ್ಲಿ ಮೂರನೇ ಒಂದು ಭಾಗದ ಹತ್ತಿರ ಬಂದಿತ್ತು. ಅಂದರೆ ಶುಲ್ಕ ಅನ್ವಯಿಸುವ ಪ್ರತಿ 100 ಡಾಲರಿಗೆ 33, 34 ಡಾಲರ್! ಹಳೆಯ ಫೋನ್ ಬಿಡದ ಹಿರಿಯರ ಮೇಲೆ ಇದು ಜಾಸ್ತಿ ಬೀಳುತ್ತದೆ, ದಿನವಿಡೀ ವಿಡಿಯೋ ನೋಡುವವರ ಮೇಲೆ ಕಡಿಮೆ.

ಬ್ರಿಟನ್ನಿನ ತೆರಿಗೆ ಬದುಕಿದ್ದರೂ ಇದೇ ದಾರಿ ಹಿಡಿಯುತ್ತಿತ್ತೇನೋ. ಹಳೆಯ ಸೇವೆಗೆ ತೆರಿಗೆ ಹಾಕಿ ಹೊಸ ಸೇವೆ ಬೆಳೆಸಿದರೆ, ಯೋಜನೆ ಗೆದ್ದಷ್ಟೂ ಅದರ ಆದಾಯದ ಮೂಲ ಒಣಗುತ್ತದೆ. ಫೋನ್ ಲೈನ್ ತೆರಿಗೆಯ ಬಗ್ಗೆ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ನಾನು ಇದನ್ನೇ ಆರಿಸುತ್ತೇನೆ.

ಅಮೆರಿಕದ ನಿಧಿಯ ವಿರುದ್ಧ ನ್ಯಾಯಾಲಯಕ್ಕೆ ಹೋದವರ ವಾದ ಬೇರೆ. ತೆರಿಗೆ ಹಾಕುವ ಅಧಿಕಾರ ಸಂಸತ್ತಿನದ್ದು, ಅದನ್ನು ದೂರಸಂಪರ್ಕ ನಿಯಂತ್ರಣ ಆಯೋಗಕ್ಕೆ ಬಿಟ್ಟುಕೊಟ್ಟದ್ದು ತಪ್ಪು ಎಂದು ಅವರು ಹೇಳಿದರು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ನಿಧಿಯನ್ನು ಎತ್ತಿಹಿಡಿಯಿತು. ಹೀಗೆ ನಿಧಿಯೇನೋ ಉಳಿಯಿತು, ಆಧಾರ ಕುಸಿಯುವ ಸಮಸ್ಯೆಯೂ ಉಳಿಯಿತು. ವೀಡಿಯೋ, ಜಾಹೀರಾತು, ಕ್ಲೌಡ್ ಸೇವೆಗಳಿಂದ ದುಡಿಯುವ ದೊಡ್ಡ ಇಂಟರ್ನೆಟ್ ಕಂಪನಿಗಳೂ ಪಾಲು ಕೊಡಲಿ ಎಂಬ ಬೇಡಿಕೆ ಅಲ್ಲಿ ಜೋರಾಗಿದೆ. ಯುರೋಪಿನಲ್ಲೂ ಭಾರತದಲ್ಲೂ ಟೆಲಿಕಾಂ ಕಂಪನಿಗಳು ಇದೇ ಮಾತು ಎತ್ತಿವೆ. ಇಂಟರ್ನೆಟ್ ಕಂಪನಿಗಳ ಉತ್ತರ ಹೀಗಿದೆ: ನಮ್ಮ ವೀಡಿಯೋ ಇರುವುದರಿಂದಲೇ ಜನ ನಿಮ್ಮ ಡೇಟಾ ಪ್ಯಾಕ್ ಕೊಳ್ಳುತ್ತಿದ್ದಾರೆ, ಅದಕ್ಕೆ ಗ್ರಾಹಕರು ಆಗಲೇ ಹಣ ಕೊಟ್ಟಿದ್ದಾರೆ.

ಭಾರತದಲ್ಲಿ ಕಟ್ಟುವವರು ಯಾರು

ನಮ್ಮಲ್ಲಿ ಲೈನಿಗಿಷ್ಟು ಎಂಬ ತೆರಿಗೆ ಇಲ್ಲ. ಇರುವುದು ಕಂಪನಿಯ ಆದಾಯದ ಮೇಲಿನ ಪಾಲು. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದಲ್ಲಿ ಶೇ 8ರಷ್ಟನ್ನು ಲೈಸೆನ್ಸ್ ಶುಲ್ಕವಾಗಿ ಕಟ್ಟುತ್ತವೆ. ‘ಹೊಂದಾಣಿಕೆ ಮಾಡಿದ’ ಅಂದರೆ, ಇನ್ನೊಂದು ಕಂಪನಿಗೆ ದಾಟಿಸಬೇಕಾದ ಹಣದಂಥ ಕೆಲವನ್ನು ಕಳೆದು ಉಳಿದ ಆದಾಯ. ಆ 8ರಲ್ಲಿ 5 ಪಾಲು ಸಾರ್ವತ್ರಿಕ ಸೇವೆಗೆ. 2002ರ ಏಪ್ರಿಲಿನಿಂದ ಈ ನಿಧಿ ಜಾರಿಯಲ್ಲಿದೆ. 2023ರ ದೂರಸಂಪರ್ಕ ಕಾಯ್ದೆ ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರು ಕೊಟ್ಟಿತು.

ಇದರಿಂದ ಎರಡು ಅನುಕೂಲ. ಮೊಬೈಲ್, ಡೇಟಾ ಎಲ್ಲದರ ಆದಾಯವೂ ಲೆಕ್ಕಕ್ಕೆ ಬರುವುದರಿಂದ ಅಮೆರಿಕದಂತೆ ಆಧಾರ ಕುಸಿಯುವುದಿಲ್ಲ. ದೊಡ್ಡ ಪ್ಲಾನಿನವರು ಜಾಸ್ತಿ, ಸಣ್ಣ ರೀಚಾರ್ಜಿನವರು ಕಡಿಮೆ ಕೊಟ್ಟಂತಾಗುತ್ತದೆ. ಅನನುಕೂಲ ಏನೆಂದರೆ ರೀಚಾರ್ಜ್ ರಸೀದಿಯಲ್ಲಿ ಜಿಎಸ್‌ಟಿ ಕಾಣುತ್ತದೆ, ಇದು ಕಾಣುವುದಿಲ್ಲ. ಕಂಪನಿ ಕಟ್ಟುತ್ತದೆ ಅಂದರೂ ದರ ನಿಗದಿ ಮಾಡುವಾಗ ಅದನ್ನೂ ಸೇರಿಸಿಯೇ ಮಾಡುತ್ತದೆ ಅಲ್ವಾ? ಕೊನೆಗೆ ಹಣ ಗ್ರಾಹಕರದ್ದೇ.

ವಸೂಲಾದ ಹಣ ನೇರ ನಿಧಿಗೆ ಬೀಳುವುದಿಲ್ಲ. ಮೊದಲು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಜಾನೆಗೆ ಹೋಗುತ್ತದೆ. ಸಂಸತ್ತು ಒಪ್ಪಿಗೆ ಕೊಟ್ಟಷ್ಟು ಅಲ್ಲಿಂದ ಬರುತ್ತದೆ. ಹೀಗಾಗಿ ವರ್ಷಗಳ ಕಾಲ ವಸೂಲಿ ಮುಂದೆ, ಖರ್ಚು ಹಿಂದೆ ಎಂಬಂತಾಯಿತು. ಒಂದೇ ಉದ್ದೇಶಕ್ಕೆ ಎಂದು ಎತ್ತಿದ ಹಣ ಆ ಉದ್ದೇಶಕ್ಕೆ ಬಳಕೆಯಾಗದೆ ಕೂತರೆ, ಅದು ಕಟ್ಟಿದವರಿಗೂ ಕಾಯುತ್ತಿರುವವರಿಗೂ ಆದ ಅನ್ಯಾಯ. ಇದು ಭಾರತಕ್ಕೆ ಮಾತ್ರ ಸೀಮಿತವಲ್ಲ. ಬ್ರೆಜಿಲ್‌ನಲ್ಲೂ 2000ದ ಕಾನೂನಿನಂತೆ ದೂರಸಂಪರ್ಕ ಆದಾಯದ ಶೇ 1ರಷ್ಟು ಇಂಥ ನಿಧಿಗೆ ಬರುತ್ತಿತ್ತು. ಆದರೆ ಅದರಿಂದ ಬ್ರಾಡ್‌ಬ್ಯಾಂಡಿಗೆ ಹಣ ಕೊಡಲು ದಾರಿ ಮಾಡಿದ್ದು 2020ರ ತಿದ್ದುಪಡಿ.

ಈ ನಿಧಿಯ ದೊಡ್ಡ ಯೋಜನೆ ಭಾರತ್‌ನೆಟ್. 2011ರ ಅಕ್ಟೋಬರಿನಲ್ಲಿ ಬೇರೆ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವುದು ಗುರಿ, ಆಗಿನ ಅಂದಾಜು 20,000 ಕೋಟಿ ರೂಪಾಯಿ. ಮೊದಲ ಗಡುವುಗಳು ದಾಟಿಹೋದವು. 2023ರ ಆಗಸ್ಟಿನಲ್ಲಿ ತಿದ್ದುಪಡಿ ಮಾಡಿದ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ 1,39,579 ಕೋಟಿ ರೂಪಾಯಿ. ಅಗೆದು ಹೂಳಿದ್ದು ಸಾಲುವುದಿಲ್ಲ, ಕಡಿದುಹೋದ ಕೇಬಲನ್ನು ಸರಿಮಾಡುವವರು ಬೇಕು, ಪಂಚಾಯಿತಿ ಕಟ್ಟಡದಿಂದ ಮನೆಮನೆಗೆ ಒಯ್ಯುವವರು ಬೇಕು ಎಂಬುದು ಇಷ್ಟು ವರ್ಷಗಳ ಪಾಠ. ಹೊಸ ಯೋಜನೆಯಲ್ಲಿ ನಿರ್ವಹಣೆಗೂ ಹಣ ಇಟ್ಟಿರುವುದು ಅದಕ್ಕೇ.

ಹಣ ಕೊಟ್ಟ ಮೇಲೆ ವಾಪಸ್ ಕೇಳುವುದು

ತೆರಿಗೆ ಯಾರ ಮೇಲೆ ಎಂಬ ಜಗಳದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಬೀಳುತ್ತದೆ. ಕಂಪನಿಗೆ ಸಹಾಯಧನ ಕೊಟ್ಟಾಯಿತು. ಅಂದುಕೊಂಡದ್ದಕ್ಕಿಂತ ಜಾಸ್ತಿ ಜನ ಸಂಪರ್ಕ ತಗೊಂಡು ಅಲ್ಲಿ ಲಾಭ ಬಂದರೆ? ನಷ್ಟ ತುಂಬಿಸಲು ಕೊಟ್ಟ ಹಣ ಲಾಭದ ಮೇಲೆ ಲಾಭವಾಗಿ ಉಳಿಯಬೇಕೇ?

ಬ್ರಿಟನ್ ಇದಕ್ಕೊಂದು ಷರತ್ತು ಹಾಕಿತ್ತು. 50 ಪೆನ್ಸ್ ಬಿದ್ದ ಮೇಲೆ ಬಂದ ಯೋಜನೆಯಲ್ಲಿ ಕೇಂದ್ರದ ಹಣದ ಜೊತೆ ಸ್ಥಳೀಯ ಆಡಳಿತಗಳೂ ಹಣ ಹಾಕಿದವು. ಮೊದಲ ಹಂತದ ಗುತ್ತಿಗೆಗಳೆಲ್ಲ ಬಿಟಿ ಪಾಲಾದವು. ಒಂದೇ ಕಂಪನಿಗೆ ಎಲ್ಲವೂ ಹೋದದ್ದಕ್ಕೆ ಸಂಸತ್ತಿನ ಲೆಕ್ಕಪತ್ರ ಸಮಿತಿ ಕಟುವಾಗಿ ಟೀಕಿಸಿತು, ಆ ಟೀಕೆ ನ್ಯಾಯವಾದದ್ದೇ. ಆದರೆ ಗುತ್ತಿಗೆಯೊಳಗೆ ಒಂದು ಒಳ್ಳೆಯ ಅಂಶವಿತ್ತು. ಕೇಬಲ್ ಹೋದ ಕಡೆ ಶೇ 20ರಷ್ಟು ಮನೆಗಳು ಸಂಪರ್ಕ ಪಡೆಯುತ್ತವೆ ಎಂಬ ಅಂದಾಜಿನ ಮೇಲೆ ಸಹಾಯಧನ ನಿಗದಿಯಾಗಿತ್ತು. ಅದಕ್ಕಿಂತ ಜಾಸ್ತಿ ಜನ ಬಂದರೆ ಕಂಪನಿ ಒಂದು ಭಾಗವನ್ನು ವಾಪಸ್ ಕೊಡಬೇಕು, ಆ ಹಣದಿಂದ ಇನ್ನಷ್ಟು ಮನೆಗಳಿಗೆ ಕೇಬಲ್ ಹಾಕಬೇಕು.

ಜನ ಬಂದರು. 2015ರಲ್ಲಿ ಬಿಟಿ ತನ್ನ ಅಂದಾಜನ್ನು ಶೇ 30ಕ್ಕೆ ಏರಿಸಿತು. ಅದರಿಂದ 12.9 ಕೋಟಿ ಪೌಂಡ್ ವಾಪಸ್ ಸಿಗುವಂತಾಯಿತು. ತಿಂಗಳಿಗೆ 50 ಪೆನ್ಸಿನಂತೆ ಇಡೀ ದೇಶದಿಂದ ಒಂದು ವರ್ಷ ವಸೂಲು ಮಾಡಬೇಕಿದ್ದ ಹಣಕ್ಕೆ ಹತ್ತಿರ ಹತ್ತಿರದ ಮೊತ್ತ ಅದು. 24 ಎಂಬಿಪಿಎಸ್ ಮೇಲಿನ ವೇಗ ಶೇ 95ರಷ್ಟು ಮನೆ, ಕಚೇರಿಗಳಿಗೆ ಸಿಗಬೇಕೆಂಬ ಗುರಿಯನ್ನು 2017ರ ಕೊನೆಗೆ ಮುಟ್ಟಿದ್ದೂ ಆಯಿತು. ಉಳಿದ ಶೇ 5ರವರಿಗೆ ಬೇರೆ ದಾರಿ ಹಿಡಿದರು. 2020ರ ಮಾರ್ಚಿನಿಂದ ಅಲ್ಲಿ ಯಾವುದೇ ಮನೆಯವರು ಕನಿಷ್ಠ 10 ಎಂಬಿಪಿಎಸ್ ಸಂಪರ್ಕವನ್ನು ಹಕ್ಕಾಗಿ ಕೇಳಬಹುದು. ಅದಕ್ಕೆ ತಗಲುವ ಖರ್ಚು 3,400 ಪೌಂಡಿನ ಒಳಗಿದ್ದರೆ ಕಂಪನಿಯೇ ಭರಿಸಬೇಕು. ಅದಕ್ಕಿಂತ ಹೆಚ್ಚಾದರೆ, ಮೇಲಿನ ಹಣವನ್ನು ಕೇಳಿದವರೇ ಕೊಡಬೇಕು.